ನೋ ಸಿಗ್ನಲ್

ಸಿಗ್ನಲ್ ಎಂಬ ಪದಾರ್ಥಕ್ಕೂ ಕೊಡಗಿಗೂ ಮೊದಲಿನಿಂದಲೂ ಆಗಿಬಂದಿಲ್ಲ. ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ರೈಲ್ವೆ ಸಿಗ್ನಲ್ ನೋಡುವ ಆಸೆಯಾದರೆ ನಾವು ಮೈಸೂರಿಗೋ ಹಾಸನಕ್ಕೋ ಇಳಿಯಬೇಕು. ಮೊಬೈಲ್ ಸಿಗ್ನಲ್ಲಿನದು ತವರಿಗೆ ಹೋದ ಸೊಸೆಯ ಕತೆ. ಮೊದಲ ಗಾಳಿಮಳೆಗೆ ಹೊರಟುಹೋಗುತ್ತದೆ, ಯಾವಾಗ ಬರುತ್ತದೆಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಹೀಗಿರುವಾಗ ಕಳೆದ ಜುಲೈಯ ಒಂದು ಬೆಳಗ್ಗೆ ನನ್ನ ಕಂಪ್ಯೂಟರಿನ ಮಾನಿಟರ್ ಕೂಡ ಕಪ್ಪು ಮುಖದ ನಟ್ಟನಡುವೆ ‘ನೋ ಸಿಗ್ನಲ್’ ಎಂದು ಬರೆದುಕೊಂಡು ಕೂತಾಗ ನನಗೆ ಗಾಬರಿಯೇನೂ ಆಗಲಿಲ್ಲ. ಇದಕ್ಕೂ ಊರಿನ ನೀರು ಹಿಡಿಯಿತು ಅಂದುಕೊಂಡು ಕಾಫಿ ಕುಡಿಯಲು ಹೋದೆ.

ನಾನು ತೋಟದ ರೈಟರ್. ಹೊರಗಿನವರಿಗೆ ಹೀಗೆಂದರೆ ಕೈಮುಗಿದು ‘ಯಾವ ಕಾದಂಬರಿ ಬರೆದಿದ್ದೀರಿ’ ಎಂದು ಕೇಳುತ್ತಾರೆ. ಕೊಡಗಿನಲ್ಲಿ ರೈಟರ್ ಎಂದರೆ ಚೆಕ್‌ರೋಲ್ ಬರೆಯುವವನು. ಇವತ್ತು ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಕೆಜಿ ಕಾಫಿ ಕುಯ್ದರು, ಯಾರಿಗೆ ಎಷ್ಟು ಮುಂಗಡ ಹೋಯಿತು, ಬೆಳಗ್ಗೆ ಮಳೆ ಅಳೆಯುವ ಡಬ್ಬಿಯಲ್ಲಿ ಎಷ್ಟು ಇಂಚು ಎಷ್ಟು ಸೆಂಟು ಇತ್ತು, ಇಷ್ಟೇ ನನ್ನ ಸಾಹಿತ್ಯ. ಸರ್ಕಾರ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯಲು ಶುರುಮಾಡಿ ಎಷ್ಟೋ ಕಾಲವಾಗಿರಬಹುದು. ನಮ್ಮ ತೋಟಗಳಲ್ಲಿ ಮಳೆ ಇನ್ನೂ ಇಂಚಿನಲ್ಲೇ ಬೀಳುತ್ತದೆ. ರಾತ್ರಿ ಊಟವಾದ ಮೇಲೆ ಮಾತ್ರ ನಾನು ಇನ್ನೊಂದು ಜಾತಿಯ ರೈಟರ್ ಆಗುತ್ತೇನೆ. ಆ ಚಟಕ್ಕೋಸ್ಕರವೇ ಮೇಜಿನ ಮೇಲೆ ಎರಡು ಮಾನಿಟರ್ ಇಟ್ಟುಕೊಂಡಿದ್ದೇನೆ. ಎಡಗಡೆಯದು ಹೊಸದು, ಅದರಲ್ಲಿ ಚೆಕ್‌ರೋಲು. ಬಲಗಡೆಯದು ಸಾಹುಕಾರರ ಮಗ ಹಳೆಯ ಕಂಪ್ಯೂಟರ್ ಗುಜರಿಗೆ ಹಾಕುವಾಗ ‘ಬೇಕಾ ರೈಟ್ರೇ’ ಎಂದು ಕೊಟ್ಟದ್ದು, ಅದರಲ್ಲಿ ‘ನುಡಿ’ ತೆರೆದುಕೊಂಡು ನಾನು ಬರೆಯುವ ಪ್ರಬಂಧಗಳು.

ಕಪ್ಪಾದದ್ದು ಬಲಗಡೆಯದು. ಅಂದರೆ ತೋಟದ ಲೆಕ್ಕ ನಿಲ್ಲಲಿಲ್ಲ, ಸಾಹಿತ್ಯ ಮಾತ್ರ ನಿಂತಿತು. ಹಾಗಾಗಿ ನನ್ನೊಬ್ಬನನ್ನು ಬಿಟ್ಟು ಜಗತ್ತಿನಲ್ಲಿ ಇನ್ಯಾರಿಗೂ ಈ ಬಗ್ಗೆ ದುಃಖವಾಗಲಿಲ್ಲ.

ಕಂಪ್ಯೂಟರ್ ಅಸೆಂಬಲ್ ಮಾಡಿದ್ದು. ಬೆಂಗಳೂರಿನಲ್ಲಿ ಓದುತ್ತಿದ್ದಾಗ ನನ್ನ ಅಕ್ಕನ ಮಗ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಮೂರು ದಿನ ಚೌಕಾಸಿ ಮಾಡಿ, ಒಂದು ಕಡೆ ಮದರ್‌ಬೋರ್ಡು, ಇನ್ನೊಂದು ಕಡೆ ಪ್ರೊಸೆಸರು, ಮತ್ತೊಂದು ಗಲ್ಲಿಯಲ್ಲಿ ಕ್ಯಾಬಿನೆಟ್ಟು ಕೊಂಡು, ಎಲ್ಲವನ್ನೂ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು ನಮ್ಮ ಊಟದ ಮೇಜಿನ ಮೇಲೆ ಜೋಡಿಸಿದ. ‘ಕಂಪನಿದು ತಗೊಂಡ್ರೆ ಹದಿನೈದು ಸಾವಿರ ಜಾಸ್ತಿ ಮಾವ’ ಅಂದ. ಉಳಿದ ದುಡ್ಡಿನಲ್ಲಿ ಒಂದು ಗ್ರಾಫಿಕ್ಸ್ ಕಾರ್ಡನ್ನೂ ಸೇರಿಸಿದ. ಚೆಕ್‌ರೋಲಿಗೆ ಗ್ರಾಫಿಕ್ಸ್ ಕಾರ್ಡ್ ಏಕೆಂದು ನಾನು ಕೇಳಲಿಲ್ಲ. ಅವನು ರಜೆಯಲ್ಲಿ ಬಂದಾಗ ರಾತ್ರಿಯೆಲ್ಲ ಅದರಲ್ಲಿ ಬಂದೂಕಿನ ಆಟ ಆಡಿದ ಮೇಲೆ ಕೇಳುವ ಅಗತ್ಯವೂ ಬೀಳಲಿಲ್ಲ.

ಅಸೆಂಬಲ್ ಮಾಡಿದ ಕಂಪ್ಯೂಟರಿನ ಕಷ್ಟ ಗೊತ್ತಾಗುವುದು ಅದು ಕೆಟ್ಟಾಗ. ಅದೂ ಒಂದು ಕೂಡುಕುಟುಂಬವೇ. ಕೊಡವರ ಒಕ್ಕದಲ್ಲಿ ಜಗಳವಾದರೆ ತೀರ್ಮಾನ ಹೇಳಲು ಪಟ್ಟೆದಾರರಿರುತ್ತಾರೆ. ಅಸೆಂಬಲ್ಡ್ ಕಂಪ್ಯೂಟರಿಗೆ ಪಟ್ಟೆದಾರನೇ ಇಲ್ಲ. ಮದರ್‌ಬೋರ್ಡಿನ ಕಡೆಯವರು ಕೇಬಲ್ ಸರಿಯಿಲ್ಲ ಅನ್ನುತ್ತಾರೆ, ಕೇಬಲಿನ ಕಡೆಯವರು ಮಾನಿಟರನ್ನು ತೋರಿಸುತ್ತಾರೆ, ಮಾನಿಟರಾದರೋ ಯಾರನ್ನೂ ದೂರದೆ ‘ನೋ ಸಿಗ್ನಲ್’ ಎಂದು ಒಂದೇ ಮಾತು ಹೇಳಿ ಕಣ್ಣು ಮುಚ್ಚಿಕೊಳ್ಳುತ್ತದೆ. ನಾನು ನೋಡಿದಂತೆ ಇಡೀ ಸಂಸಾರದಲ್ಲಿ ನಿಜ ಹೇಳಿದ್ದು ಅದೊಂದೇ. ಆದರೆ ಕಣ್ಣಿಗೆ ಕಾಣುವುದೂ ಅದೊಂದೇ ಆದ್ದರಿಂದ ಏಟೆಲ್ಲ ಅದಕ್ಕೇ ಬಿತ್ತು.

ಮೊದಲ ಏಟು ಅಕ್ಷರಶಃ ಏಟೇ. ನನ್ನವಳು ಬಂದು ಅದರ ಬೆನ್ನಿಗೆ ಎರಡು ಬಾರಿಸಿದಳು. ಹಳೆಯ ಟೀವಿಯ ಕಾಲದಿಂದ ಬಂದ ಚಿಕಿತ್ಸೆ ಅದು, ಮೊದಲು ಒಮ್ಮೊಮ್ಮೆ ನಾಟುತ್ತಿತ್ತು. ನಾಟದಿದ್ದಾಗ ‘ಥಂಡಿ ಹಿಡಿದಿದೆ’ ಎಂದು ತೀರ್ಮಾನ ಕೊಟ್ಟಳು. ಅವಳ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಆಗ ನಮ್ಮಲ್ಲಿ ಚಪ್ಪಲಿ, ಬೆಲ್ಟು, ನನ್ನ ಮದುವೆಯ ಕೋಟು ಎಲ್ಲಕ್ಕೂ ಬೂಷ್ಟು ಬಂದಿತ್ತು, ಉಪ್ಪು ನೀರಾಗಿತ್ತು, ಬಟ್ಟೆಗಳು ಅಗ್ಗಿಷ್ಟಿಕೆಯ ಮೇಲೆ ಒಣಗಿ ಹೊಗೆ ವಾಸನೆ ಹೊಡೆಯುತ್ತಿದ್ದವು. ಅದೇ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಮಾನಿಟರನ್ನೂ ಒಂದು ಹಗಲು ಕೂರಿಸಿದಳು. ಸಂಜೆಗೆ ಅದು ಬೆಚ್ಚಗಾಗಿ, ಹೊಗೆಯ ಘಮ ಬೀರುತ್ತಾ, ಮತ್ತೆ ‘ನೋ ಸಿಗ್ನಲ್’ ಅಂದಿತು.

ಎರಡನೆಯವರು ಪಕ್ಕದ ಮನೆಯ ಸುಬೇದಾರರು. ಸೇನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದು ನಿವೃತ್ತರಾದವರು. ಅದೂ ಎಲ್ಲಿ ಅಂದುಕೊಂಡಿರಿ, ಕೋರ್ ಆಫ್ ಸಿಗ್ನಲ್ಸ್‌ನಲ್ಲಿ! ಜಬಲ್‌ಪುರದಲ್ಲಿ ತರಬೇತಿ ಪಡೆದು ಹಿಮದ ಬೆಟ್ಟಗಳ ಮೇಲೆ ತಂತಿ ಎಳೆದವರು. ನನ್ನ ಮಾನಿಟರಿನ ಮೇಲಿನ ಬರಹ ನೋಡಿ ಅವರ ಮೀಸೆ ಕುಣಿಯಿತು. ‘ನೋ ಸಿಗ್ನಲ್ ಅಂತ ಒಂದು ಇಲ್ಲ ರೈಟ್ರೇ. ಸಿಗ್ನಲ್ ಯಾವಾಗ್ಲೂ ಉಂಟು. ಎಲ್ಲಿ ಕಟ್ ಆಯ್ತು ಅಂತ ನೋಡ್ಬೇಕು ಅಷ್ಟೆ’ ಅಂದರು. ಆಮೇಲೆ, ಮಳೆಗಾಲದಲ್ಲಿ ಬಂದೂಕು ಬಿಚ್ಚಿ ಒರೆಸಿ ಎಣ್ಣೆ ಹಾಕದಿದ್ದರೆ ಸಿಡಿಯುವುದಿಲ್ಲ, ಇದೂ ಹಾಗೇ ಇರಬೇಕು ಎಂದು ಕೋವಿಯ ಎಣ್ಣೆಯ ಸೀಸೆ ತರಲು ಹೊರಟರು. ಕಂಪ್ಯೂಟರಿಗೆ ಎಣ್ಣೆ ಆಗದೆಂದು ತಡೆಯಲು ನಾನು ಎರಡು ಲೋಟ ಕಾಫಿ ಖರ್ಚು ಮಾಡಬೇಕಾಯಿತು.

ಮೂರನೆಯದು ಪೇಟೆಯ ಅಂಗಡಿ. ಅಲ್ಲಿಯ ಹುಡುಗ ಒಳ್ಳೆಯವನೇ. ನಾನು ಒಯ್ದ ಕೇಬಲ್ಲಿನ ತುದಿ ನೋಡಿ ‘ಸರ್, ಇದ್ರಲ್ಲಿ ಒಂದು ಪಿನ್ನೇ ಇಲ್ಲ!’ ಅಂದ. ಹಳೆಯ ಮಾನಿಟರಿಗೆ ಇರುವುದು ನೀಲಿ ಮೂತಿಯ ವಿಜಿಎ ಕೇಬಲ್ ಮಾತ್ರ. 1987ರಲ್ಲಿ ಐಬಿಎಂ ಕಂಪನಿ ತಂದದ್ದು, ನನ್ನ ಅಳಿಯನಿಗಿಂತ ದೊಡ್ಡದು. ಮೂರು ಸಾಲಿನಲ್ಲಿ ಐದೈದರಂತೆ ಹದಿನೈದು ಪಿನ್ ಇರಬೇಕು. ನನ್ನದರಲ್ಲಿ ಎಣಿಸಿದರೆ ಹದಿನಾಲ್ಕೇ. ಹಲ್ಲು ಬಿದ್ದ ಅಜ್ಜನನ್ನು ಇಷ್ಟು ದಿನ ದುಡಿಸಿಕೊಂಡೆನಲ್ಲ ಎಂದು ಮರುಕವಾಗಿ ಹೊಸ ಕೇಬಲ್ ಕೊಂಡೆ, ಇನ್ನೂರೈವತ್ತು ರೂಪಾಯಿ. ಮನೆಗೆ ಬಂದು ಪ್ಲಾಸ್ಟಿಕ್ ಹರಿದು ಎಣಿಸಿದರೆ ಅದರಲ್ಲೂ ಹದಿನಾಲ್ಕೇ! ಒಂಬತ್ತನೆಯ ಪಿನ್ ಎಷ್ಟೋ ಕೇಬಲ್ಲುಗಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲವಂತೆ, ಅದಿಲ್ಲದೆ ಚಿತ್ರಕ್ಕೇನೂ ಕೊರತೆಯಿಲ್ಲವಂತೆ. ಇದು ನನಗೆ ತಿಳಿದದ್ದು ಇನ್ನೂರೈವತ್ತು ಹೋದ ಮೇಲೆ.

ಕೇಬಲ್ ಬದಲಾದರೂ ಪರದೆ ಬೆಳಗದಿದ್ದಾಗ ಪೆಟ್ಟಿಗೆಯನ್ನೇ ಗೋಣಿಯಲ್ಲಿ ಸುತ್ತಿ ಜೀಪಿನಲ್ಲಿ ಹೊತ್ತುಕೊಂಡು ಹೋದೆ. ಹುಡುಗ ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐ ತೂತಿಗೆ ತನ್ನ ಮಾನಿಟರಿನ ಕೇಬಲ್ ಸಿಕ್ಕಿಸಿದ. ಝಗ್ಗನೆ ಬೆಳಗಿತು. ‘ಎಂಥ ಪ್ರಾಬ್ಲಮ್ಮೂ ಇಲ್ಲ ಸರ್’ ಅಂದ. ಡಾಕ್ಟರ ಮುಂದೆ ಕೂತಾಗ ಮಾಯವಾಗುವ ಸೊಂಟನೋವಿನ ಹಾಗೆ. ಮನೆಗೆ ತಂದರೆ ಎಡಗಡೆಯದು ಬೆಳಕು, ಬಲಗಡೆಯದು ಅಮಾವಾಸ್ಯೆ.

ಕೊನೆಗೆ ಅಳಿಯನಿಗೇ ಫೋನ್ ಮಾಡುವುದೆಂದಾಯಿತು. ಮಾಡುವುದು ಎಲ್ಲಿಂದ? ಆ ವಾರ ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ತುಂಬಿತ್ತು. ನಮ್ಮಲ್ಲಿ ಒಂದೇ ರಾತ್ರಿ 5 ಇಂಚು 20 ಸೆಂಟು ಬಿದ್ದಿತ್ತು. ಟವರ್ ಉಸಿರು ಹಿಡಿದುಕೊಂಡಿತ್ತು. ಮನೆಯಿಂದ ಅರವತ್ತು ಹೆಜ್ಜೆ ದೂರ, ಬೇಲಿಯ ಬಳಿ ಮೆಣಸಿನ ಬಳ್ಳಿ ಹಬ್ಬಿದ ಒಂದು ಸಿಲ್ವರ್ ಮರ ಉಂಟು; ಅದರ ಬುಡದಲ್ಲಿ, ಬೆಟ್ಟದ ಕಡೆ ಬೆನ್ನು ಮಾಡಿ ನಿಂತರೆ ಎರಡು ಕಡ್ಡಿ ಬರುತ್ತದೆ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನ್ ಹಿಡಿದು ನಿಂತೆ. ಕಂಪ್ಯೂಟರ್ ಒಳಕೋಣೆಯಲ್ಲಿ. ಅದರ ಮುಂದೆ ನನ್ನವಳು. ನಾನು ಕೂಗಿದ್ದು ಮಳೆಯ ಸದ್ದಿನಲ್ಲಿ ಅವಳಿಗೆ ಕೇಳಿಸದು. ಆಗ ಸುಬೇದಾರರು ತಾವಾಗಿಯೇ ಮುಂದೆ ಬಂದು ನಮ್ಮ ಜಗಲಿಯ ಮೇಲೆ ನಿಂತರು. ‘ನಾನು ರಿಲೇ ಸ್ಟೇಷನ್. ಹೇಳಿ, ಓವರ್’ ಅಂದರು.

ಅಳಿಯ ಶುರು ಮಾಡಿದ್ದೇ ತಪ್ಪು ಕಾಲಿನಿಂದ. ‘ಎಕ್ಸ್‌ಟರ್ನಲ್ ಮಾನಿಟರ್ ಬರ್ತಾ ಇಲ್ವಾ ಮಾವ?’

‘ಈ ಡಬ್ಬಕ್ಕೆ ಎಲ್ಲ ಮಾನಿಟರೂ ಎಕ್ಸ್‌ಟರ್ನಲ್ಲೇ ಅಲ್ವೇನೋ ಮಾರಾಯ? ಒಳಗಡೆ ಇರೋದು ಹಲ್ಲಿ ಮಾತ್ರ.’

ಅವನು ನಗುವುದು ನಿಲ್ಲಿಸಿ ವಿಷಯ ಬಿಡಿಸಿ ಹೇಳಿದ. ಎಡಗಡೆಯ ಮಾನಿಟರಿಗೆ ಚಿತ್ರ ಹೋಗುವುದು ಗ್ರಾಫಿಕ್ಸ್ ಕಾರ್ಡಿನಿಂದ. ಆ ಕಾರ್ಡಿನಲ್ಲಿ ವಿಜಿಎ ತೂತಿಲ್ಲ. ಹಾಗಾಗಿ ಬಲಗಡೆಯ ಹಳೆಯದನ್ನು ಮದರ್‌ಬೋರ್ಡಿನ ತೂತಿಗೇ ಸಿಕ್ಕಿಸಿದ್ದಾನೆ. ಅದಕ್ಕೆ ಬೇಕಾದ ಚಿತ್ರಶಕ್ತಿ ಪ್ರೊಸೆಸರಿನ ಒಳಗೇ ಇರುತ್ತದೆ. ಆದರೆ ಬೋರ್ಡಿನ ಸ್ವಭಾವ ಹೇಗೆಂದರೆ, ಬೇರೆ ಕಾರ್ಡ್ ಬಂದು ಕೂತದ್ದು ಕಂಡರೆ ತನ್ನ ತೂತನ್ನು ಮಲಗಿಸಿಬಿಡುತ್ತದೆ. ಸೊಸೆ ಬಂದಳಲ್ಲ, ಇನ್ನು ಒಲೆ ನನಗ್ಯಾಕೆ ಎಂದು ಅತ್ತೆ ಚಾಪೆ ಹಾಸಿದ ಹಾಗೆ. ‘ಇಬ್ಬರೂ ಅಡುಗೆ ಮಾಡಿ’ ಎಂದು ಹೇಳುವ ಒಂದು ಸೆಟ್ಟಿಂಗ್ ಬಯೋಸ್‌ನಲ್ಲಿ ಇರುತ್ತದೆ. ಅವನು ಅದನ್ನು ಹಾಕಿಯೇ ಹೋಗಿದ್ದ. ಅದು ಹೇಗೋ ತಪ್ಪಿಹೋಗಿರಬೇಕು. ಹೇಗೆ ತಪ್ಪಿತು ಎಂದು ಆಗ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಗಮನ ಗಂಬೂಟಿನ ಅಂಚು ದಾಟುತ್ತಿದ್ದ ಜಿಗಣೆಯ ಮೇಲಿತ್ತು.

‘ಆನ್ ಮಾಡಿದ ತಕ್ಷಣ ಡಿಲೀಟ್ ಒತ್ತುತ್ತಾ ಇರಬೇಕಂತೆ!’ ನಾನು ಕೂಗಿದೆ.

‘ಎಲ್ಲ ಡಿಲೀಟ್ ಮಾಡ್ಬೇಕಂತೆ, ಓವರ್!’ ಸುಬೇದಾರರು ಒಳಗೆ ಕಳಿಸಿದರು.

ಒಳಗಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನನ್ನವಳ ದನಿ: ‘ಎಂಥದು ಡಿಲೀಟ್ ಮಾಡೋದು? ಚೆಕ್‌ರೋಲಾ? ಸಾಹುಕಾರರಿಗೆ ಯಾರು ಉತ್ತರ ಕೊಡೋದು?’

ನಾಲ್ಕು ಸಲ ಆನ್ ಆಫ್ ಆದ ಮೇಲೆ ಬಯೋಸ್ ತೆರೆಯಿತು. ಈಗ ಒಳಗೆ ಹುಡುಕಬೇಕಾದದ್ದು ‘ಐಜಿಪಿಯು ಮಲ್ಟಿ ಮಾನಿಟರ್’. ನಾನು ಸರಿಯಾಗಿಯೇ ಕೂಗಿದೆ. ಸುಬೇದಾರರು ಅದನ್ನು ಮಿಲಿಟರಿ ಶಿಸ್ತಿನಿಂದ ಕತ್ತರಿಸಿ ಕಳಿಸಿದರು: ‘ಐಜಿಪಿ! ಐಜಿಪಿ ಉಂಟಾ ನೋಡಿ, ಓವರ್!’

‘ಐಜಿಪಿ ಇಲ್ಲಿಗ್ಯಾಕೆ ಬಂದ್ರು?’ ಎಂದು ನನ್ನವಳು ಸೀರೆ ಸರಿಮಾಡಿಕೊಂಡು ಜಗಲಿಗೇ ಬಂದುಬಿಟ್ಟಳು.

ಅಂತೂ ಮುಕ್ಕಾಲು ಗಂಟೆಯಲ್ಲಿ ಕೆಲಸವಾಯಿತು. ‘ಎಫ್ ಟೆನ್! ಸೇವ್!’ ಎಂದು ಸುಬೇದಾರರು ಕೊಟ್ಟ ಕೊನೆಯ ಆಜ್ಞೆಗೆ ಬೇಲಿಯಾಚೆಯ ನಾಯಿಗಳೂ ನೆಟ್ಟಗೆ ನಿಂತವು. ಬಲಗಡೆಯ ಪರದೆ ಕಣ್ಣು ಬಿಟ್ಟಿತು. ನಾನು ಒಳಗೆ ಓಡಿ ಬಂದಾಗ ನನ್ನ ಅರ್ಧ ಬರೆದ ಪ್ರಬಂಧವೂ, ನನ್ನ ಮೀನಖಂಡದಿಂದ ಇಳಿಯುತ್ತಿದ್ದ ರಕ್ತವೂ ಒಟ್ಟಿಗೇ ಕಂಡವು. ನನ್ನವಳು ಎರಡನೆಯದಕ್ಕೆ ಸುಣ್ಣ ಹಚ್ಚಿದಳು.

ಮೂರನೆಯ ದಿನ ಕರೆಂಟು ಹೋಯಿತು. ಮರ ಬಿದ್ದು ಕಂಬ ಮುರಿದಿತ್ತು. ಮರುದಿನ ಸಂಜೆ ಬಂತು. ಬಲಗಡೆ ಮತ್ತೆ ನೋ ಸಿಗ್ನಲ್.

ಈ ಸಲ ನನ್ನವಳೇ ಹೋಗಿ ಡಿಲೀಟ್ ಒತ್ತಿ, ಐಜಿಪಿಯನ್ನು ಹುಡುಕಿ, ಸರಿ ಮಾಡಿದಳು. ಅದಾಗಿ ವಾರಕ್ಕೆ ಮತ್ತೆ ಕರೆಂಟು ಹೋಯಿತು, ಮತ್ತೆ ನೋ ಸಿಗ್ನಲ್, ಮತ್ತೆ ಐಜಿಪಿ. ‘ನಾನು ಹಾಕಿಟ್ಟದ್ದನ್ನು ರಾತ್ರಿ ಯಾರು ಬಂದು ತೆಗೀತಾರೆ?’ ಎಂದು ಅವಳು ನನ್ನನ್ನೇ ಅನುಮಾನದಿಂದ ನೋಡತೊಡಗಿದಳು. ನಾನಾದರೋ ಪ್ರತಿಸಲವೂ ಒಂದು ಕೈ ನೋಡೋಣವೆಂದು ಕೇಬಲ್ಲನ್ನು ಕಿತ್ತು ಹಾಕಿ, ಕಿತ್ತು ಹಾಕಿ, ಅದರ ಒಂದು ಪಿನ್ನನ್ನು ಬಗ್ಗಿಸಿದೆ. ಅದು ಹಸಿರು ಬಣ್ಣ ಒಯ್ಯುವ ಪಿನ್ನು. ವಿಜಿಎಯಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ದಾರಿ; ಹಸಿರು ಬರದಿದ್ದರೆ ಉಳಿದೆರಡು ಸೇರಿ ಇಡೀ ಪರದೆ ನೇರಳೆ ಕಲಸಿದ ಗುಲಾಬಿಯಾಗುತ್ತದೆ.

ನಮ್ಮ ಗ್ರಹಚಾರಕ್ಕೆ ಅವತ್ತು ಆಗಸ್ಟ್ 3, ಕಕ್ಕಡ ಹದಿನೆಂಟು. ಕೊಡಗಿನಲ್ಲಿ ಆ ದಿನ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಆ ಗಿಡದಲ್ಲಿ ಅಂದು ಹದಿನೆಂಟು ಬಗೆಯ ಔಷಧಿ ಕೂಡಿರುತ್ತದೆಂಬ ನಂಬಿಕೆ. ಸೊಪ್ಪು ಬೆಂದ ನೀರು ಕಡು ನೇರಳೆ, ಪಾಯಸವೂ ನೇರಳೆ. ಮರುದಿನ ಬೆಳಗ್ಗೆ ಆ ಬಣ್ಣ ಎಲ್ಲಿ ಕಾಣಬೇಕೋ ಅಲ್ಲೂ ಕಂಡು, ಹೊಸಬರು ಡಾಕ್ಟರ ಬಳಿಗೆ ಓಡುವುದುಂಟು. ಸುಬೇದಾರರ ಮನೆಯಿಂದ ಪಾಯಸದ ತಪ್ಪಲೆ ಹಿಡಿದು ಒಳಗೆ ಬಂದ ನನ್ನವಳು ಪರದೆ ನೋಡಿ ಅಲ್ಲೇ ನಿಂತಳು. ‘ಅಯ್ಯೋ, ಇದಕ್ಕೂ ಕುಡಿಸಿದ್ರಾ?’

ಪಿನ್ನನ್ನು ಹುಬ್ಬು ಕೀಳುವ ಚಿಮಟದಿಂದ ನೆಟ್ಟಗೆ ಮಾಡಿದೆ. ಹಸಿರು ಬಂತು. ಆದರೆ ಕರೆಂಟು ಹೋದಾಗಲೆಲ್ಲ ಮಾನಿಟರ್ ಸಾಯುವುದು ನಿಲ್ಲಲಿಲ್ಲ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಕಳ್ಳ ಅಷ್ಟು ದಿನವೂ ನನ್ನ ಕಣ್ಣೆದುರೇ ಓಡಾಡುತ್ತಿದ್ದ. ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನ ತಾರೀಕು 2021ರ ಜನವರಿ 1ಕ್ಕೆ ಹೋಗಿ ನಿಲ್ಲುತ್ತಿತ್ತು. ನಾನು ಅದನ್ನು ಗೋಡೆ ಗಡಿಯಾರಕ್ಕೆ ಕೀ ಕೊಡುವಷ್ಟೇ ಸಹಜವಾಗಿ ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದೆ. ಒಂದು ದಿನ ಬ್ರೌಸರ್ ತೆರೆದರೆ ಪೇಪರಿನ ಪುಟದ ಬದಲು ‘ನಿಮ್ಮ ಗಡಿಯಾರ ಹಿಂದಿದೆ’ ಎಂದು ಬಂತು. ಅದನ್ನು ನಾನು ನನ್ನ ವಯಸ್ಸಿನ ಬಗ್ಗೆ, ವಿಚಾರಗಳ ಬಗ್ಗೆ ಹೇಳಿದ್ದೆಂದು ತಿಳಿದು ಬೇಸರಪಟ್ಟುಕೊಂಡೆ. ಇನ್ನೊಂದು ವಾರ ತಾರೀಕು ಸರಿಪಡಿಸಲು ಮರೆತು ಬಟವಾಡೆ ಚೀಟಿ ಮುದ್ರಿಸಿದೆ. ತೋಟದ ಹಿರಿಯ ಆಳೊಬ್ಬ ತನ್ನ ಮೊಮ್ಮಗಳ ಕೈಯಲ್ಲಿ ಓದಿಸಿ ಬಂದು, ‘ರೈಟ್ರೇ, ಆ ವರ್ಷದ್ದು ಕೂಲಿ ಆಗ್ಲೇ ಕೊಟ್ಟಿದ್ರಿ. ಇನ್ನೊಂದ್ಸಲ ಕೊಡ್ತೀರಾದ್ರೆ ನಂದೇನೂ ಅಡ್ಡಿ ಇಲ್ಲ’ ಅಂದ. ಆಗಲೂ ನನಗೆ ಹೊಳೆಯಲಿಲ್ಲ. ಮಾನಿಟರ್ ಬಲಗಡೆ, ತಾರೀಕು ಎಡಗಡೆಯ ಪರದೆಯ ಮೂಲೆಯಲ್ಲಿ. ಒಂದು ಸಾಹಿತ್ಯದ ಸಮಸ್ಯೆ, ಇನ್ನೊಂದು ಲೆಕ್ಕದ ಸಮಸ್ಯೆ. ಎರಡಕ್ಕೂ ಸಂಬಂಧ ಇರಬಹುದೆಂದು ಯಾರು ಅಂದುಕೊಳ್ಳುತ್ತಾರೆ?

ಅಳಿಯ ಬಂದದ್ದು ಸೆಪ್ಟೆಂಬರ್ 3ರ ಕೈಲ್‌ಮುಹೂರ್ತಕ್ಕೆ. ನಮ್ಮ ಮೇಲಿನ ಪ್ರೀತಿಗಿಂತ ಸುಬೇದಾರರ ಮನೆಯ ಕಡಂಬುಟ್ಟು, ಪಂದಿಕರಿಯ ಸೆಳೆತ ಹೆಚ್ಚು. ಹಿಂದಿನ ರಾತ್ರಿ ಕರೆಂಟು ಹೋಗಿ ಬಂದಿತ್ತು. ಅವನು ಕುರ್ಚಿಯಲ್ಲಿ ಕೂತು, ಕತ್ತಲಾದ ಬಲಗಡೆಯ ಪರದೆಯನ್ನು ನೋಡಲೇ ಇಲ್ಲ. ಎಡಗಡೆಯದರ ಕೆಳಮೂಲೆ ನೋಡಿ ಹಣೆ ಚಚ್ಚಿಕೊಂಡ.

‘ಮಾವ, ಡೇಟು ಹಿಂದೆ ಹೋಗುತ್ತೆ ಅಂತ ಇಷ್ಟು ದಿನ ಯಾಕೆ ಹೇಳ್ಲಿಲ್ಲ?’

‘ನೀನು ಮಾನಿಟರ್ ಬಗ್ಗೆ ಕೇಳಿದೆ. ತಾರೀಕಿನ ಬಗ್ಗೆ ಎಲ್ಲಿ ಕೇಳಿದೆ?’

ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದ. ಹಲ್ಲಿ ನಾನು ತಮಾಷೆಗೆ ಹೇಳಿದ್ದು, ಆದರೆ ಒಳಗೆ ಅದರ ಎರಡು ಮೊಟ್ಟೆ ನಿಜವಾಗಿಯೂ ಇದ್ದವು. ಸುತ್ತಲೂ ಬೂದು ಬಣ್ಣದ ಜಿಗುಟು ಧೂಳು. ಅದರ ನಡುವೆ ಎರಡು ರೂಪಾಯಿ ನಾಣ್ಯದ ಹಾಗೆ ಮಲಗಿದ್ದ ಒಂದು ಬಿಲ್ಲೆಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿ ನನ್ನ ಅಂಗೈ ಮೇಲಿಟ್ಟ. ಸಿಆರ್ 2032 ಎಂದು ಅದರ ಬೆನ್ನಿನ ಮೇಲೆ ಕೆತ್ತಿತ್ತು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಹೆಸರಿನಲ್ಲೇ ಅಳತೆ ಇಟ್ಟುಕೊಂಡ ಬ್ಯಾಟರಿ. ಗೋಡೆಯ ಕರೆಂಟು ಇರುವಷ್ಟು ಹೊತ್ತು ಬೋರ್ಡು ಆ ಕರೆಂಟಿನಿಂದಲೇ ಗಡಿಯಾರ ನಡೆಸಿಕೊಂಡು ಸೆಟ್ಟಿಂಗುಗಳನ್ನು ನೆನಪಿಟ್ಟುಕೊಳ್ಳುತ್ತದೆ. ಕರೆಂಟು ಹೋದ ಮೇಲೆ ನೆನಪು ಕಾಯುವುದು ಈ ಬಿಲ್ಲೆ. ಬೆಂಗಳೂರಿನಲ್ಲಾಗಿದ್ದರೆ ಅದು ಸತ್ತದ್ದು ವರ್ಷಗಟ್ಟಲೆ ಗೊತ್ತೇ ಆಗುತ್ತಿರಲಿಲ್ಲ. ಮಳೆಗಾಲದ ಕೊಡಗಿನಲ್ಲಿ ವಾರಕ್ಕೊಮ್ಮೆ ಅದರ ತಿಥಿ ನಡೆಯುತ್ತಿತ್ತು. ಪ್ರತಿ ತಿಥಿಯಂದೂ ಬೋರ್ಡು ಎಲ್ಲ ಮರೆತು, ತಾನಿನ್ನೂ ಎಸ್‌ಪಿ ರೋಡಿನ ಡಬ್ಬಿಯಲ್ಲೇ ಇದ್ದೇನೆಂದುಕೊಂಡು, ಬಲಗಡೆಯ ತೂತನ್ನು ಮಲಗಿಸಿಬಿಡುತ್ತಿತ್ತು. ಸುಬೇದಾರರ ಮಲ್ಟಿಮೀಟರ್ ತಂದು ನೋಡಿದರೆ 3 ವೋಲ್ಟ್ ಇರಬೇಕಾದಲ್ಲಿ ಒಂದೂವರೆಯೂ ಇರಲಿಲ್ಲ.

ಹಬ್ಬದ ದಿನ ಪೇಟೆಗೆ ಹೋಗುವವರು ಯಾರು? ಅಳಿಯ ಅಡುಗೆಮನೆಗೆ ಹೋದ. ಏಲಕ್ಕಿ ತೂಗುವ ನನ್ನವಳ ಪುಟ್ಟ ತಕ್ಕಡಿಯ ಹೊಟ್ಟೆ ಬಿಚ್ಚಿ, ಅದೇ ನಂಬರಿನ ಬಿಲ್ಲೆ ತಂದು ಇದರಲ್ಲಿ ಕೂರಿಸಿದ. ಬಯೋಸ್ ತೆರೆಯುವ ಹೊತ್ತಿಗೆ ‘ಸರಿ, ಜಾಗ ಬಿಡು’ ಎಂದು ನನ್ನವಳೇ ಮುಂದೆ ಬಂದು, ಅಳಿಯ ಬೆರಗಾಗಿ ನೋಡುತ್ತಿರುವಂತೆ, ಎಂಟು ಕೀಲಿಗಳಲ್ಲಿ ಐಜಿಪಿಯವರನ್ನು ಹಿಡಿದು ಕೂರಿಸಿದಳು.

ಸುಬೇದಾರರ ಮನೆಯಲ್ಲಿ ನೆಲ್ಲಕ್ಕಿ ದೀಪದ ಮುಂದೆ ಕೋವಿಗಳನ್ನು ತೊಳೆದು ಇಟ್ಟು, ನಳಿಗೆಗೆ ತೋಕ್‌ಪೂ ಸಿಕ್ಕಿಸಿದ್ದರು. ಕೆಂಪು ಹಳದಿಯ ಆ ಕೋವಿಹೂವಿನಲ್ಲಿ ಒಂದು ಮಿಕ್ಕಿತ್ತು. ಅದನ್ನು ತಂದು ನಮ್ಮ ಕ್ಯಾಬಿನೆಟ್ಟಿನ ಮೇಲಿಟ್ಟರು. ‘ನಾನು ಮೊದಲೇ ಹೇಳಿದ್ದೆ ರೈಟ್ರೇ, ಸಿಗ್ನಲ್ ಉಂಟು ಅಂತ’ ಅಂದರು. ಹೇಳಿದ್ದು ನಿಜವೇ. ಎಣ್ಣೆಯ ವಿಷಯ ನಾನು ಎತ್ತಲಿಲ್ಲ.

ಆಮೇಲೆ ಎರಡು ಸಲ ಕರೆಂಟು ಹೋಯಿತು, ಒಂದು ಸಲ ಮೂರು ದಿನ. ಬಂದಾಗ ಎರಡೂ ಪರದೆ ಬೆಳಗಿದವು, ತಾರೀಕೂ ಸರಿಯಿತ್ತು. ಮೊಬೈಲಿನಲ್ಲಿ ಮಾತ್ರ ಈಗಲೂ ನೋ ಸಿಗ್ನಲ್. ಅದಕ್ಕೆ ಬಿಲ್ಲೆ ಎಲ್ಲಿ ಹಾಕಬೇಕೆಂದು ಅಳಿಯನಿಗೂ ಗೊತ್ತಿಲ್ಲ. ಖರ್ಚನ್ನು ಚೆಕ್‌ರೋಲಿನ ಕ್ರಮದಲ್ಲೇ ಬರೆದಿಟ್ಟಿದ್ದೇನೆ: ಕೇಬಲ್ 250, ಜೀಪಿನ ಪೆಟ್ರೋಲ್ 300, ಅಂಗಡಿಯ ತಪಾಸಣೆ 200, ಬ್ಯಾಟರಿ ಸೊನ್ನೆ. ತಕ್ಕಡಿಗೆ ಹೊಸ ಬಿಲ್ಲೆ ತರಲು ಇವತ್ತೂ ಮರೆತು ಬಂದೆ. ಈ ವಾರದ ಏಲಕ್ಕಿಯನ್ನು ನನ್ನವಳು ಕೈಯಲ್ಲೇ ತೂಗಿ ಕೊಟ್ಟಿದ್ದಾಳೆ.